ದೊಡ್ಡ ಲ್ಯಾಪ್‌ಟಾಪ್ ಕೊಂಡರೆ ವಿಡಿಯೋ ಎಡಿಟಿಂಗ್ ಸಲೀಸಾಗುತ್ತದೆಯೇ?

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಹೆಸರನ್ನು ಹಲವರು ಕೇಳಿರುವುದು ಅಲ್ಲಿನ ಅನಂತನಾಥ ಬಸದಿಯಿಂದ, ಇಲ್ಲವೇ ಅಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರಿಂದ. ಆ ಕಡೆಯ ಒಂದು ಮನೆಯಲ್ಲಿ ಹರಕೆ ಆಟ ನಡೆಯಿತು ಎಂದುಕೊಳ್ಳಿ. ರಾತ್ರಿ ಶುರುವಾದ ಯಕ್ಷಗಾನ ಬೆಳಗಿನವರೆಗೂ ನಡೆದಿದೆ. ಊರಿನ ಹುಡುಗನೊಬ್ಬ ಎರಡು ಕ್ಯಾಮೆರಾ ಇಟ್ಟು ಪೂರ್ತಿ ಆಟವನ್ನು ಸೆರೆಹಿಡಿದಿದ್ದಾನೆ. ಒಂದು ಕ್ಯಾಮೆರಾ ಇಡೀ ರಂಗಸ್ಥಳದ ಮೇಲೆ, ಇನ್ನೊಂದು ವೇಷಧಾರಿಗಳ ಮುಖದ ಮೇಲೆ.

ಮರುದಿನ ಆ ವಿಡಿಯೋಗಳನ್ನು ಹಳೆಯ ಲ್ಯಾಪ್‌ಟಾಪಿಗೆ ಹಾಕಿ ಎಡಿಟ್ ಮಾಡಲು ಕುಳಿತರೆ ಚಿತ್ರ ಮುಂದೆ ಹೋಗುವುದೇ ಇಲ್ಲ. ಚಂಡೆಯ ಸದ್ದು ಮುಂದಕ್ಕೆ, ಕುಣಿತ ಹಿಂದಕ್ಕೆ. ಒಂದು ಕಡೆ ಕತ್ತರಿಸಿ ಇನ್ನೊಂದು ಕಡೆ ಸೇರಿಸುವಷ್ಟರಲ್ಲಿ ಪರದೆಯೇ ನಿಂತುಹೋಗುತ್ತದೆ. 'ಲ್ಯಾಪ್‌ಟಾಪ್ ಸಣ್ಣದಾಯ್ತು, ದೊಡ್ಡದೊಂದು ತಗೋಬೇಕು' ಎಂದು ಮನೆಯಲ್ಲಿ ಮಾತಾಗುತ್ತದೆ. ಆ ವರ್ಷದ ಅಡಿಕೆಯ ದುಡ್ಡಿನಲ್ಲಿ ಒಂದೂವರೆ ಲಕ್ಷ ತೆಗೆದಿಟ್ಟು ಅಂಗಡಿಗೆ ಹೋದರೆ, 'ಇದಕ್ಕಿಂತ ಪವರ್‌ಫುಲ್ ಬೇರೆ ಇಲ್ಲ ಸಾರ್, ಐ7, ದೊಡ್ಡ ಸ್ಕ್ರೀನು, ಗ್ರಾಫಿಕ್ಸ್ ಕಾರ್ಡೂ ಇದೆ' ಎಂದು ಅಂಗಡಿಯವರು ಒಂದು ಪೆಟ್ಟಿಗೆಯನ್ನು ಮುಂದಿಡುತ್ತಾರೆ.

ಅದನ್ನು ಕೊಂಡರೆ ಕೆಲಸ ಸಲೀಸಾಗುತ್ತದೆಯೇ? ಆಗಬಹುದು, ಆಗದೆಯೂ ಇರಬಹುದು. ಪೆಟ್ಟಿಗೆಯ ಮೇಲಿನ ದೊಡ್ಡ ಅಕ್ಷರಗಳು ಇದಕ್ಕೆ ಉತ್ತರ ಕೊಡುವುದಿಲ್ಲ. ನಮ್ಮ ಕೆಲಸ ಎಲ್ಲಿ ನಿಧಾನವಾಗುತ್ತಿದೆ ಎಂದು ಮೊದಲು ತಿಳಿಯಬೇಕು, ಆಮೇಲೆ ಆ ಜಾಗಕ್ಕೆ ದುಡ್ಡು ಹಾಕಬೇಕು.

ಒಂದು ರಾತ್ರಿಯ ಆಟ ಎಷ್ಟು ಜಿಬಿ?

ಇಂದಿನ ಅನೇಕ ಕ್ಯಾಮೆರಾಗಳು 4ಕೆ ವಿಡಿಯೋವನ್ನು ಸೆಕೆಂಡಿಗೆ ಸುಮಾರು 100 ಮೆಗಾಬಿಟ್ ಲೆಕ್ಕದಲ್ಲಿ ಬರೆದುಕೊಳ್ಳುತ್ತವೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ಇದು ಸೆಕೆಂಡಿಗೆ 12.5 ಮೆಗಾಬೈಟ್, ಗಂಟೆಗೆ 45 ಜಿಬಿ ಆಗುತ್ತದೆ. ಎಂಟು ಗಂಟೆಯ ಆಟಕ್ಕೆ ಒಂದು ಕ್ಯಾಮೆರಾದಿಂದ 360 ಜಿಬಿ, ಎರಡು ಕ್ಯಾಮೆರಾದಿಂದ 720 ಜಿಬಿ.

ಲ್ಯಾಪ್‌ಟಾಪಿನಲ್ಲಿ ಬರುವ 512 ಜಿಬಿಯ ಡಿಸ್ಕಿನಲ್ಲಿ ಇದು ಹಿಡಿಸುವುದಿಲ್ಲ ಎನ್ನುವುದು ಇಷ್ಟಕ್ಕೇ ಗೊತ್ತಾಯಿತು. ಒಂದು ಟಿಬಿ ಡಿಸ್ಕಿನಲ್ಲೂ ವಿಂಡೋಸ್ ಲೆಕ್ಕದಂತೆ ಸಿಗುವುದು 931 ಜಿಬಿಯಷ್ಟೇ. ಅದರಲ್ಲಿ ವಿಂಡೋಸ್, ಎಡಿಟಿಂಗ್ ತಂತ್ರಾಂಶ ಮತ್ತು ಅದರ ತಾತ್ಕಾಲಿಕ ಕಡತಗಳು ಕೂತ ಮೇಲೆ ಒಂದು ಆಟಕ್ಕೆ ಜಾಗ ಸಿಕ್ಕರೆ ಹೆಚ್ಚು.

ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಎರಡು ಕ್ಯಾಮೆರಾದ ವಿಡಿಯೋಗಳನ್ನು ಒಟ್ಟಿಗೆ ಓಡಿಸಲು ಡಿಸ್ಕು ಸೆಕೆಂಡಿಗೆ 25 ಮೆಗಾಬೈಟ್ ಓದಿಕೊಟ್ಟರೆ ಸಾಕು. ಹಳೆಯ ಕಾಲದ ತಿರುಗುವ ಹಾರ್ಡ್‌ಡಿಸ್ಕ್ ಕೂಡ ಸಾಮಾನ್ಯವಾಗಿ 100 ಮೆಗಾಬೈಟಿನ ಆಸುಪಾಸಿನಲ್ಲಿ ಓದುತ್ತದೆ. ಇಂದಿನ ಎನ್‌ವಿಎಂಇ ಎಸ್‌ಎಸ್‌ಡಿಗಳಂತೂ ಸಾವಿರಾರು ಮೆಗಾಬೈಟ್ ಓದುತ್ತವೆ. ಅಂದರೆ ಇಂಥ ವಿಡಿಯೋ ತಡೆತಡೆದು ಓಡುವುದಕ್ಕೆ ಡಿಸ್ಕಿನ ವೇಗ ಕಾರಣವಾಗುವುದು ಅಪರೂಪ. ಹಾಗಾದರೆ ಸಿಕ್ಕಿಬೀಳುತ್ತಿರುವುದು ಎಲ್ಲಿ?

ಪುಟ್ಟ ಕಡತ, ದೊಡ್ಡ ಕೆಲಸ

4ಕೆ ವಿಡಿಯೋದ ಒಂದೊಂದು ಚಿತ್ರದಲ್ಲೂ 3840 ಅಡ್ಡ, 2160 ಉದ್ದದ ಲೆಕ್ಕದಲ್ಲಿ ಸುಮಾರು 83 ಲಕ್ಷ ಚುಕ್ಕೆಗಳಿರುತ್ತವೆ. ಒಂದು ಚುಕ್ಕೆಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್ ಇಟ್ಟುಕೊಂಡರೂ ಸೆಕೆಂಡಿಗೆ 25 ಚಿತ್ರಗಳಿಗೆ 622 ಮೆಗಾಬೈಟ್ ಬೇಕು. ಆದರೆ ಕ್ಯಾಮೆರಾ ಬರೆದುಕೊಂಡದ್ದು 12.5 ಮೆಗಾಬೈಟ್ ಮಾತ್ರ, ಸುಮಾರು ಐವತ್ತರಲ್ಲಿ ಒಂದು ಪಾಲು. ಉಳಿದದ್ದು ಎಲ್ಲಿ ಹೋಯಿತು?

ಕ್ಯಾಮೆರಾ ಪ್ರತಿಯೊಂದು ಚಿತ್ರವನ್ನೂ ಪೂರ್ತಿಯಾಗಿ ಬರೆದುಕೊಳ್ಳುವುದಿಲ್ಲ. ಒಂದು ಚಿತ್ರವನ್ನು ಪೂರ್ತಿ ಇಟ್ಟುಕೊಂಡು, ಮುಂದಿನ ಹಲವು ಚಿತ್ರಗಳಲ್ಲಿ 'ಹಿಂದಿನದಕ್ಕಿಂತ ಏನು ಬದಲಾಗಿದೆ' ಎನ್ನುವುದನ್ನಷ್ಟೇ ಬರೆಯುತ್ತದೆ. ರಂಗಸ್ಥಳದ ಹಿಂದಿನ ಪರದೆ ಹಾಗೆಯೇ ಇದೆ, ಭಾಗವತರು ಕುಳಿತಲ್ಲೇ ಇದ್ದಾರೆ, ವೇಷಧಾರಿಯ ಕೈ ಮಾತ್ರ ಆಡಿದೆ ಎಂದಾದರೆ ಆ ಕೈಯ ಸಂಗತಿಯನ್ನು ಬರೆದರೆ ಸಾಕಲ್ಲವೇ? 2003ರಲ್ಲಿ ಬಂದ ಎಚ್.264, 2013ರಲ್ಲಿ ಬಂದ ಎಚ್‌ಇವಿಸಿ ಇವೆರಡೂ ಮಾಡುವುದು ಇದನ್ನೇ. ಎಚ್‌ಇವಿಸಿಗೆ ಎಚ್.265 ಎಂಬ ಹೆಸರೂ ಇದೆ.

ಸುಮ್ಮನೆ ನೋಡುವಾಗ ಇದರಿಂದ ತೊಂದರೆಯಿಲ್ಲ, ಏಕೆಂದರೆ ಚಿತ್ರಗಳು ಸಾಲಾಗಿ ಬರುತ್ತವೆ. ಎಡಿಟ್ ಮಾಡುವಾಗ ನಾವು ಹಾಗೆ ನೋಡುವುದಿಲ್ಲ. ಇಲ್ಲಿಂದ ಅಲ್ಲಿಗೆ ಹಾರುತ್ತೇವೆ, ಹಿಂದಕ್ಕೆ ಎಳೆಯುತ್ತೇವೆ, ಎರಡು ಕ್ಯಾಮೆರಾಗಳನ್ನು ಪಕ್ಕಪಕ್ಕದಲ್ಲಿ ಓಡಿಸುತ್ತೇವೆ. ಪ್ರತಿ ಸಲ ಹಾರಿದಾಗಲೂ ಕಂಪ್ಯೂಟರು ಹಿಂದಿನ ಪೂರ್ತಿ ಚಿತ್ರ ಎಲ್ಲಿದೆ ಎಂದು ಹುಡುಕಿ, ಅಲ್ಲಿಂದ ಒಂದೊಂದೇ ಬದಲಾವಣೆಯನ್ನು ಲೆಕ್ಕ ಹಾಕುತ್ತ ನಮಗೆ ಬೇಕಾದ ಚಿತ್ರಕ್ಕೆ ಬರಬೇಕು. ಇದಕ್ಕೆ ಡಿಕೋಡಿಂಗ್ ಎನ್ನುತ್ತಾರೆ. ನಮ್ಮ ಹುಡುಗನ ಲ್ಯಾಪ್‌ಟಾಪ್ ಏದುಸಿರು ಬಿಡುತ್ತಿರುವುದು ಬಹುಮಟ್ಟಿಗೆ ಇಲ್ಲೇ.

ಈ ಗಂಟು ಬಿಚ್ಚುವುದು ಯಾರು?

ಈ ಕೆಲಸವನ್ನು ಪ್ರಾಸೆಸರ್ ತಾನೇ ಮಾಡಬಹುದು, ಆದರೆ ಬಹಳ ಶ್ರಮಪಡಬೇಕಾಗುತ್ತದೆ. ಅದಕ್ಕೆಂದೇ ಚಿಪ್ಪಿನೊಳಗೆ ಒಂದು ಪ್ರತ್ಯೇಕ ವಿಭಾಗವನ್ನು ಇಡುವ ಪದ್ಧತಿಯಿದೆ. ಇಂಟೆಲ್ 2011ರಿಂದ ತನ್ನ ಪ್ರಾಸೆಸರ್‌ಗಳಲ್ಲಿ ಕ್ವಿಕ್ ಸಿಂಕ್ ಎಂಬ ಹೆಸರಿನಲ್ಲಿ ಇದನ್ನು ಕೊಡುತ್ತಿದೆ. ಎನ್‌ವಿಡಿಯಾ, ಎಎಂಡಿ ಗ್ರಾಫಿಕ್ಸ್ ಚಿಪ್ಪುಗಳಲ್ಲೂ, ಆ್ಯಪಲ್‌ನ ಎಂ ಸರಣಿಯ ಚಿಪ್ಪುಗಳಲ್ಲೂ ಇಂಥ ವಿಭಾಗ ಇದೆ. ಕೆಲಸ ಈ ವಿಭಾಗಕ್ಕೆ ಹೋದರೆ ಪ್ರಾಸೆಸರ್ ನಿರಾಳ, ವಿಡಿಯೋ ಸಲೀಸು.

ಆದರೆ ಪ್ರತಿ ಚಿಪ್ಪಿನಲ್ಲೂ ಪ್ರತಿ ನಮೂನೆಯ ವಿಡಿಯೋ ಬಿಚ್ಚುವ ಸಾಮರ್ಥ್ಯ ಇರುವುದಿಲ್ಲ. ಕೆಲವು ಹೊಸ ಕ್ಯಾಮೆರಾಗಳಲ್ಲಿ '4:2:2 10-ಬಿಟ್' ಎಂಬ ಆಯ್ಕೆ ಇರುತ್ತದೆ. ಬಣ್ಣದ ವಿವರ ಹೆಚ್ಚು ಉಳಿಯುತ್ತದೆ ಎಂದು ಅನೇಕರು ಅದನ್ನು ಆರಿಸಿಕೊಳ್ಳುತ್ತಾರೆ. ಎಚ್‌ಇವಿಸಿಯ ಈ ನಮೂನೆಯನ್ನು ಇಂಟೆಲ್‌ನ 11ನೇ ತಲೆಮಾರಿನಿಂದ ಈಚಿನ ಕೋರ್ ಪ್ರಾಸೆಸರ್‌ಗಳೊಳಗಿನ ಗ್ರಾಫಿಕ್ಸ್ ಬಿಚ್ಚಬಲ್ಲದು, ಆ್ಯಪಲ್ ಚಿಪ್ಪುಗಳೂ ಬಿಚ್ಚಬಲ್ಲವು. ಎನ್‌ವಿಡಿಯಾದ ಆರ್‌ಟಿಎಕ್ಸ್ 40 ಸರಣಿಯಲ್ಲಿ ಆ ಸೌಲಭ್ಯ ಇಲ್ಲ. 2025ರಲ್ಲಿ ಬಂದ 50 ಸರಣಿಯಲ್ಲಿ ಅದು ಸೇರಿತು.

ಅಂದರೆ ದುಬಾರಿ 40 ಸರಣಿಯ ಗ್ರಾಫಿಕ್ಸ್ ಕಾರ್ಡ್ ಇರುವ ದಪ್ಪನೆಯ ಲ್ಯಾಪ್‌ಟಾಪಿಗಿಂತ, ಕಾರ್ಡೇ ಇಲ್ಲದ ಅರ್ಧ ಬೆಲೆಯ ಲ್ಯಾಪ್‌ಟಾಪಿನಲ್ಲಿ ಅದೇ ವಿಡಿಯೋ ಸಲೀಸಾಗಿ ಓಡುವ ಸಂದರ್ಭಗಳೂ ಇವೆ. ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಪ್ರಾಸೆಸರ್ ಒಳಗಿನ ಗ್ರಾಫಿಕ್ಸನ್ನು ಪೂರ್ತಿ ಆಫ್ ಮಾಡುವ ಒಂದು ಆಯ್ಕೆ ಇರುತ್ತದೆ. ಆಟದ ವೇಗ ಹೆಚ್ಚಿಸಲು ಯಾರೋ ಅದನ್ನು ಒತ್ತಿಟ್ಟಿದ್ದರೆ ಕ್ವಿಕ್ ಸಿಂಕ್ ಕೂಡ ಮಲಗಿಬಿಡುತ್ತದೆ. ಅಲ್ಲದೆ ಕೆಲವು ಎಡಿಟಿಂಗ್ ತಂತ್ರಾಂಶಗಳ ಉಚಿತ ಆವೃತ್ತಿಯಲ್ಲಿ ಈ ವಿಶೇಷ ವಿಭಾಗದ ಬಳಕೆಗೆ ಮಿತಿಗಳಿರುತ್ತವೆ. ನೀವು ಬಳಸುವ ಆವೃತ್ತಿಯಲ್ಲಿ ಏನಿದೆ ಎಂದು ನೋಡಿಕೊಳ್ಳಬೇಕು.

ಹಾಗಾದರೆ ಗ್ರಾಫಿಕ್ಸ್ ಕಾರ್ಡ್ ಬೇಡವೇ? ಬಣ್ಣ ತಿದ್ದುವುದು, ಕತ್ತಲಲ್ಲಿ ತೆಗೆದ ವಿಡಿಯೋದ ಕಾಳು ಕಾಳನ್ನು ತೆಗೆಯುವುದು, ಹಲವು ಎಫೆಕ್ಟುಗಳನ್ನು ಒಟ್ಟಿಗೆ ಹಾಕುವುದು, ಇಂಥವಕ್ಕೆ ಅದು ನಿಜಕ್ಕೂ ಬೇಕು. ರಾತ್ರಿಯ ಆಟ ತೆಗೆಯುವವರಿಗೆ ಕಾಳು ತೆಗೆಯುವ ಕೆಲಸ ತಪ್ಪಿದ್ದಲ್ಲ. ಆ ಕಾರ್ಡಿಗೆ ತನ್ನದೇ ಸ್ವಂತ ಮೆಮೊರಿ ಇರುತ್ತದೆ. 4ಕೆ ಕೆಲಸಕ್ಕೆ ಅದು 8 ಜಿಬಿಯಾದರೂ ಇದ್ದರೆ ಒಳ್ಳೆಯದು. ಬರೀ ಕತ್ತರಿಸಿ ಜೋಡಿಸಿ ಹೆಸರು ಹಾಕುವವರಿಗೆ ಇಷ್ಟು ಬೇಕಾಗುವುದಿಲ್ಲ.

ಐ7 ಎಂದರೆ ಐ5ಗಿಂತ ಯಾವಾಗಲೂ ಜೋರೇ?

ಇದು ಬಹಳ ಜನರ ನಂಬಿಕೆ, ಆದರೆ ಪೂರ್ತಿ ನಿಜವಲ್ಲ. ಇಂಟೆಲ್ ಪ್ರಾಸೆಸರಿನ ಹೆಸರಿನ ಕೊನೆಯ ಅಕ್ಷರವನ್ನೂ ನೋಡಬೇಕು. ಐ7-1355ಯು ಎಂಬುದರಲ್ಲಿ ಹತ್ತು ಕೋರ್‌ಗಳಿವೆ, ಅವುಗಳಲ್ಲಿ ಬಲವಾದವು ಎರಡು. ಅದನ್ನು 15 ವ್ಯಾಟ್ ವಿದ್ಯುತ್ತಿನ ಲೆಕ್ಕದಲ್ಲಿ ತೆಳ್ಳನೆಯ ಲ್ಯಾಪ್‌ಟಾಪುಗಳಿಗೆಂದು ಮಾಡಿದ್ದಾರೆ. ಐ5-13500ಎಚ್ ಎಂಬುದರಲ್ಲಿ ಹನ್ನೆರಡು ಕೋರ್‌ಗಳಿವೆ, ಬಲವಾದವು ನಾಲ್ಕು, ಲೆಕ್ಕ 45 ವ್ಯಾಟಿನದು. ಗಂಟೆಗಟ್ಟಲೆ ನಡೆಯುವ ವಿಡಿಯೋ ಕೆಲಸದಲ್ಲಿ ಇಂಥ ಐ5 ಅಂಥ ಐ7 ಅನ್ನು ಹಿಂದೆ ಹಾಕುತ್ತದೆ. ಯು ಎಂದಿದ್ದರೆ ಹಗುರ ಕೆಲಸದ್ದು, ಎಚ್ ಅಥವಾ ಎಚ್‌ಎಕ್ಸ್ ಎಂದಿದ್ದರೆ ಭಾರದ ಕೆಲಸದ್ದು ಎಂದು ಸ್ಥೂಲವಾಗಿ ನೆನಪಿಡಬಹುದು.

ಗ್ರಾಫಿಕ್ಸ್ ಕಾರ್ಡಿನ ಕತೆಯೂ ಇದೇ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಒಂದೇ ಹೆಸರಿನಲ್ಲಿ 35 ವ್ಯಾಟಿನಿಂದ 115 ವ್ಯಾಟಿನವರೆಗೆ ಬೇರೆ ಬೇರೆ ಮಿತಿಗಳಲ್ಲಿ ಬರುತ್ತದೆ. ಪೆಟ್ಟಿಗೆಯ ಮೇಲೆ ಎರಡಕ್ಕೂ ಒಂದೇ ಹೆಸರು, ಕೆಲಸದಲ್ಲಿ ಅಜಗಜಾಂತರ. ಡೆಸ್ಕ್‌ಟಾಪಿನ ಕಾರ್ಡಿಗೂ ಲ್ಯಾಪ್‌ಟಾಪಿನ ಕಾರ್ಡಿಗೂ ಹೆಸರು ಒಂದೇ ಇದ್ದಾಗಲೂ ಹೀಗೆಯೇ. ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4070ಯಲ್ಲಿ 12 ಜಿಬಿ ಮೆಮೊರಿ ಇದ್ದರೆ ಲ್ಯಾಪ್‌ಟಾಪಿನ 4070ಯಲ್ಲಿ ಇರುವುದು 8 ಜಿಬಿ.

ದೊಡ್ಡ ಲ್ಯಾಪ್‌ಟಾಪ್ ದೊಡ್ಡದಾಗಿರುವುದು ಯಾಕೆ?

ದೊಡ್ಡ ಪರದೆ ಒಂದು ಕಾರಣ. ಅದಕ್ಕಿಂತ ಮುಖ್ಯ ಕಾರಣ ಬಿಸಿ.

ಪ್ರಾಸೆಸರ್ ಬಳಸಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ಇಂಟೆಲ್‌ನ ಎಚ್ ಸರಣಿಯ ಹಲವು ಪ್ರಾಸೆಸರ್‌ಗಳು 45 ವ್ಯಾಟಿನವು ಎಂದು ಹೇಳಿಕೊಂಡರೂ ಸ್ವಲ್ಪ ಹೊತ್ತು 115 ವ್ಯಾಟಿನವರೆಗೆ ಏರಬಲ್ಲವು. ಜೊತೆಗೆ ಗ್ರಾಫಿಕ್ಸ್ ಕಾರ್ಡಿನ ನೂರು ವ್ಯಾಟ್ ಸೇರಿಸಿ. ಹಿಂದೆ ಮನೆಗಳಲ್ಲಿ ಉರಿಯುತ್ತಿದ್ದ ನೂರು ಕ್ಯಾಂಡಲ್ಲಿನ ಬಲ್ಬು ನೆನಪಿದೆಯಲ್ಲ, ಮುಟ್ಟಿದರೆ ಕೈ ಸುಡುತ್ತಿತ್ತು. ಅಂಥ ಎರಡು ಬಲ್ಬುಗಳ ಶಾಖವನ್ನು ಒಂದು ಪುಸ್ತಕದಷ್ಟು ದಪ್ಪದ ಪೆಟ್ಟಿಗೆಯಿಂದ ಹೊರಹಾಕಬೇಕು. ಅದಕ್ಕೆ ತಾಮ್ರದ ಕೊಳವೆ ಬೇಕು, ಫ್ಯಾನು ಬೇಕು, ಗಾಳಿಯಾಡಲು ಜಾಗ ಬೇಕು. ದೊಡ್ಡ ಲ್ಯಾಪ್‌ಟಾಪಿನಲ್ಲಿ ಇವಕ್ಕೆಲ್ಲ ಜಾಗ ಸಿಗುತ್ತದೆ.

ಬಿಸಿ ಹೊರಹೋಗದಿದ್ದರೆ ಚಿಪ್ಪು ಸುಟ್ಟುಹೋಗುವುದಿಲ್ಲ. ಒಳಗಿನ ತಾಪ 95ರಿಂದ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಅದು ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಮೊದಲ ಐದು ನಿಮಿಷ ಕುದುರೆಯಂತೆ ಓಡಿದ ಲ್ಯಾಪ್‌ಟಾಪ್ ಇಪ್ಪತ್ತು ನಿಮಿಷದ ಹೊತ್ತಿಗೆ ಕುಂಟತೊಡಗುವುದು ಇದರಿಂದಲೇ. ಅಂಗಡಿಯಲ್ಲಿ ಎರಡು ನಿಮಿಷ ನೋಡಿ ತಂದವರಿಗೆ ಇದು ಕಾಣುವುದಿಲ್ಲ. ಎಂಟು ಗಂಟೆಯ ಆಟವನ್ನು ಎಕ್ಸ್‌ಪೋರ್ಟ್‌ಗೆ ಹಾಕಿದಾಗ ಕಾಣುತ್ತದೆ.

ಆದ್ದರಿಂದ 'ದೊಡ್ಡದಾದರೆ ಒಳ್ಳೆಯದು' ಎನ್ನುವ ಮಾತಿನಲ್ಲಿ ಸತ್ಯ ಇರುವುದು ಶಾಖ ಹೊರಹಾಕುವ ವ್ಯವಸ್ಥೆಯ ಮಟ್ಟಿಗೆ. ಪರದೆ ಮಾತ್ರ ದೊಡ್ಡದಾಗಿದ್ದು ಒಳಗೆ ಒಂದೇ ಪುಟ್ಟ ಫ್ಯಾನು, ಯು ಸರಣಿಯ ಪ್ರಾಸೆಸರ್ ಇರುವ ಲ್ಯಾಪ್‌ಟಾಪುಗಳೂ ಮಾರುಕಟ್ಟೆಯಲ್ಲಿವೆ. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಕೆಲಸ ಮಾಡುವ ಚಿಪ್ಪಿದ್ದರೆ ಸಣ್ಣ ಪೆಟ್ಟಿಗೆಯಲ್ಲೂ ಕೆಲಸ ನಡೆಯುತ್ತದೆ.

ಮನೆಯಲ್ಲಿ ನಾವು ಮಾಡಬಹುದಾದದ್ದೂ ಇದೆ. ಹಾಸಿಗೆಯ ಮೇಲೆ, ಕಂಬಳಿಯ ಮೇಲೆ ಇಟ್ಟು ಕೆಲಸ ಮಾಡಬೇಡಿ. ಗಾಳಿ ಒಳಗೆ ಹೋಗುವ ಕಂಡಿಗಳು ಬಹಳ ಲ್ಯಾಪ್‌ಟಾಪುಗಳಲ್ಲಿ ಅಡಿಭಾಗದಲ್ಲೇ ಇರುತ್ತವೆ. ಗಟ್ಟಿ ಮೇಜಿನ ಮೇಲೆ ಹಿಂಭಾಗವನ್ನು ಸ್ವಲ್ಪ ಎತ್ತರಿಸಿ ಇಟ್ಟರೂ ವ್ಯತ್ಯಾಸ ಗೊತ್ತಾಗುತ್ತದೆ. ಅಡಿಕೆ ಸುಲಿಯುವ ಜಾಗದ ದೂಳು, ಒಲೆಯ ಹೊಗೆ ಇವೆರಡೂ ಫ್ಯಾನಿಗೆ ಆಗದವು. ವರ್ಷಕ್ಕೊಮ್ಮೆ ಒಳಗಿನ ದೂಳು ತೆಗೆಸುವುದು ಒಳ್ಳೆಯದು.

ರ್ಯಾಮ್ ಎಷ್ಟು ಬೇಕು?

ಎಡಿಟಿಂಗ್ ಮಾಡುವವರಿಗೆ 16 ಜಿಬಿ ಕನಿಷ್ಠ, 4ಕೆ ಕೆಲಸಕ್ಕೆ 32 ಜಿಬಿ ಆರಾಮ. ಅದಕ್ಕಿಂತ ಹೆಚ್ಚು ಹಾಕಿದಷ್ಟೂ ವೇಗ ಹೆಚ್ಚುತ್ತದೆ ಎನ್ನುವುದು ತಪ್ಪು ಕಲ್ಪನೆ. ರ್ಯಾಮ್ ಅಂದರೆ ಕೆಲಸ ಮಾಡುವ ಮೇಜಿನಂತೆ. ಸಾಮಾನು ಇಡಲು ಜಾಗ ಸಾಲದಿದ್ದಾಗ ಕೆಲಸ ನಿಲ್ಲುತ್ತದೆ ನಿಜ, ಆದರೆ ಸಾಕಷ್ಟು ಜಾಗ ಇದ್ದ ಮೇಲೆ ಮೇಜನ್ನು ಇನ್ನೂ ದೊಡ್ಡದು ಮಾಡಿದರೆ ಕೈ ಚುರುಕಾಗುವುದಿಲ್ಲ.

ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಎರಡು. ರ್ಯಾಮನ್ನು ಮುಂದೆ ಹೆಚ್ಚಿಸಬಹುದೇ, ಅಥವಾ ಬೋರ್ಡಿಗೇ ಬೆಸುಗೆ ಹಾಕಿದ್ದಾರೆಯೇ? ಎರಡನೇ ಎಸ್‌ಎಸ್‌ಡಿ ಹಾಕಲು ಜಾಗ ಇದೆಯೇ? ದಪ್ಪ ಲ್ಯಾಪ್‌ಟಾಪುಗಳಲ್ಲಿ ಈ ಎರಡೂ ಅನುಕೂಲ ಸಿಗುವ ಸಾಧ್ಯತೆ ಹೆಚ್ಚು. ಸಿಕ್ಕರೆ ಈಗ ಬೇಕಾದಷ್ಟನ್ನೇ ಕೊಂಡು, ದುಡ್ಡು ಬಂದಾಗ ಹೆಚ್ಚಿಸಿಕೊಳ್ಳಬಹುದು.

ಪರದೆ ಹೇಳುವ ಸುಳ್ಳು

ಯಕ್ಷಗಾನದ ವೇಷದಲ್ಲಿ ಕೆಂಪು, ಕಪ್ಪು, ಚಿನ್ನದ ಬಣ್ಣಗಳದ್ದೇ ಕಾರುಬಾರು. ಅಗ್ಗದ ಪರದೆಯಲ್ಲಿ ಕೆಂಪು ಇಟ್ಟಿಗೆಯ ಬಣ್ಣದಂತೆ ಮಂಕಾಗಿ ಕಂಡರೆ ಎಡಿಟ್ ಮಾಡುವವರು ಅದನ್ನು ಇನ್ನಷ್ಟು ಕೆಂಪು ಮಾಡುತ್ತಾರೆ. ಅದೇ ವಿಡಿಯೋವನ್ನು ಊರಿನವರು ತಮ್ಮ ಮೊಬೈಲಿನಲ್ಲಿ ನೋಡಿದಾಗ ವೇಷಧಾರಿಯ ಮುಖವೆಲ್ಲ ಕುಂಕುಮ ಚೆಲ್ಲಿದಂತೆ ಕಾಣುತ್ತದೆ. ಲ್ಯಾಪ್‌ಟಾಪಿನ ವೇಗ ಎಷ್ಟಿದ್ದರೂ ಈ ತಪ್ಪು ತಪ್ಪುವುದಿಲ್ಲ.

ವಿವರಪಟ್ಟಿಯಲ್ಲಿ '45% ಎನ್‌ಟಿಎಸ್‌ಸಿ' ಎಂದಿದ್ದರೆ ಆ ಪರದೆ ಬಣ್ಣದ ಕೆಲಸಕ್ಕೆ ಸಾಲದು. '100% ಎಸ್‌ಆರ್‌ಜಿಬಿ' ಎಂದಿದ್ದರೆ ಅಂತರಜಾಲಕ್ಕೆ ಹಾಕುವ ವಿಡಿಯೋಗಳಿಗೆ ಸಾಕು. '72% ಎನ್‌ಟಿಎಸ್‌ಸಿ' ಎಂದು ಬರೆದಿದ್ದರೂ ಸುಮಾರಾಗಿ ಅದೇ ಅರ್ಥ. 4ಕೆ ವಿಡಿಯೋ ಎಡಿಟ್ ಮಾಡಲು ಲ್ಯಾಪ್‌ಟಾಪಿನ ಪರದೆಯೂ 4ಕೆ ಇರಲೇಬೇಕು ಎಂದೇನಿಲ್ಲ. ಬಣ್ಣ ಸರಿಯಿರುವ ಸಾಧಾರಣ ಪರದೆ, ಬಣ್ಣ ಸರಿಯಿಲ್ಲದ 4ಕೆ ಪರದೆಗಿಂತ ಮೇಲು.

ಕರೆಂಟು, ಗುಡುಗು, ಮಳೆ

'ಅದೇ ದುಡ್ಡಿಗೆ ಡೆಸ್ಕ್‌ಟಾಪ್ ಕೊಂಡರೆ ಇನ್ನೂ ವೇಗದ್ದು ಬರುತ್ತದಲ್ಲ?' ಎಂದು ಕೆಲವರು ಕೇಳುತ್ತಾರೆ. ಮಾತು ಸರಿ. ಡೆಸ್ಕ್‌ಟಾಪಿನಲ್ಲಿ ಶಾಖದ ತಾಪತ್ರಯ ಕಡಿಮೆ, ಕೆಟ್ಟ ಭಾಗವನ್ನು ಬದಲಿಸುವುದೂ ಸುಲಭ. ಕೆಲಸ ಸದಾ ಒಂದೇ ಕೋಣೆಯಲ್ಲಿ ನಡೆಯುವುದಾದರೆ, ಕರೆಂಟು ನೆಚ್ಚುವಂತಿದ್ದರೆ ಅದನ್ನೇ ಕೊಳ್ಳುವುದು ಲೇಸು. ಆದರೆ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವ ಮಲೆನಾಡಿನ ಊರುಗಳಲ್ಲಿ, ಕರೆಂಟು ಹೋದ ಕ್ಷಣದಲ್ಲಿ ಕೆಲಸ ಉಳಿಸಿಕೊಳ್ಳಲು ಲ್ಯಾಪ್‌ಟಾಪಿನ ಬ್ಯಾಟರಿ ನೆರವಾಗುತ್ತದೆ.

ಆದರೆ ಆ ಬ್ಯಾಟರಿಯ ಮೇಲೆ ಎಡಿಟಿಂಗ್ ಮುಂದುವರಿಸುವ ಆಸೆ ಬೇಡ. ವಿಮಾನದಲ್ಲಿ ವಿಶೇಷ ಅನುಮತಿ ಇಲ್ಲದೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವ್ಯಾಟ್-ಗಂಟೆ. ಹಾಗಾಗಿ ಎಷ್ಟೇ ದೊಡ್ಡ ಲ್ಯಾಪ್‌ಟಾಪಾದರೂ ಅದರ ಬ್ಯಾಟರಿ ಸಾಮಾನ್ಯವಾಗಿ ಆ ಮಿತಿಯೊಳಗೇ ಇರುತ್ತದೆ. ಲ್ಯಾಪ್‌ಟಾಪು 150 ವ್ಯಾಟ್ ಎಳೆಯುತ್ತಿದ್ದರೆ ಅದು ನಲವತ್ತು ನಿಮಿಷದಲ್ಲಿ ಬರಿದು. ಬಹಳಷ್ಟು ದೊಡ್ಡ ಲ್ಯಾಪ್‌ಟಾಪುಗಳು ಬ್ಯಾಟರಿಯ ಮೇಲಿದ್ದಾಗ ವೇಗವನ್ನೂ ಇಳಿಸಿಕೊಳ್ಳುತ್ತವೆ.

ಮನೆಯಲ್ಲಿ 12 ವೋಲ್ಟಿನ, 150 ಆಂಪಿಯರ್-ಗಂಟೆಯ ಒಂದು ಇನ್ವರ್ಟರ್ ಬ್ಯಾಟರಿ ಇದ್ದರೆ ಲೆಕ್ಕದಲ್ಲಿ 1800 ವ್ಯಾಟ್-ಗಂಟೆ ಆಯಿತು. ಪರಿವರ್ತನೆಯ ನಷ್ಟ ಕಳೆದು, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡದೆ ಬಳಸಿದರೆ ಭಾರದ ಕೆಲಸ ಮಾಡುವ ಲ್ಯಾಪ್‌ಟಾಪ್ ಒಂದಕ್ಕೇ ಐದಾರು ಗಂಟೆ ಬರಬಹುದು. ಫ್ಯಾನು, ದೀಪ ಸೇರಿದರೆ ಇನ್ನೂ ಕಡಿಮೆ. ಸೈನ್ ವೇವ್ ಇನ್ವರ್ಟರ್ ಆದರೆ ಅಡಾಪ್ಟರಿಗೆ ಒಳ್ಳೆಯದು.

ಗುಡುಗು ಸಿಡಿಲಿನ ಹೊತ್ತಿನಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಇಂಟರ್‌ನೆಟ್ಟಿನ ತಾಮ್ರದ ತಂತಿ ಲ್ಯಾಪ್‌ಟಾಪಿಗೆ ಸೇರಿದ್ದರೆ ಅದನ್ನೂ ತೆಗೆಯಬೇಕು. ಇನ್ನು ತೇವ. ಇದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಇಂಥ ಹವೆಯಲ್ಲಿ ಕ್ಯಾಮೆರಾ ಲೆನ್ಸಿಗೆ ಬೂಷ್ಟು ಹಿಡಿಯುವುದು ಎಲ್ಲರಿಗೂ ಗೊತ್ತು. ದಿನವೂ ಚಾಲೂ ಇರುವ ಲ್ಯಾಪ್‌ಟಾಪ್ ತನ್ನ ಬಿಸಿಯಿಂದಲೇ ಸ್ವಲ್ಪ ಒಣಗಿರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಡುವ ಲ್ಯಾಪ್‌ಟಾಪಿಗೆ, ಬ್ಯಾಕಪ್ ಡಿಸ್ಕಿಗೆ ಅಪಾಯ ಹೆಚ್ಚು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುವುದು ಸುಲಭದ ಉಪಾಯ.

ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ

ಹಳೆಯ ಲ್ಯಾಪ್‌ಟಾಪನ್ನು ಬದಿಗೆ ಸರಿಸುವ ಮುನ್ನ ಒಂದು ಪ್ರಯೋಗ ಮಾಡಬಹುದು. ಡಾವಿಂಚಿ ರಿಸಾಲ್ವ್, ಪ್ರೀಮಿಯರ್ ಪ್ರೊ, ಫೈನಲ್ ಕಟ್ ಪ್ರೊ, ಉಚಿತವಾಗಿ ಸಿಗುವ ಕೆಡೆನ್‌ಲೈವ್ ಇವೆಲ್ಲದರಲ್ಲೂ ಪ್ರಾಕ್ಸಿ ಎಂಬ ಸೌಲಭ್ಯ ಇದೆ. ಮೂಲ 4ಕೆ ವಿಡಿಯೋದಿಂದ, ಬಿಚ್ಚಲು ಸುಲಭವಾದ ನಮೂನೆಯ ಚಿಕ್ಕದೊಂದು ಪ್ರತಿಯನ್ನು ತಂತ್ರಾಂಶವೇ ಮಾಡಿಕೊಡುತ್ತದೆ. 1080ಪಿ ಪ್ರತಿಯಲ್ಲಿ ಇರುವ ಚುಕ್ಕೆಗಳು 4ಕೆಯ ಕಾಲು ಭಾಗ ಮಾತ್ರ. ಕತ್ತರಿಸುವುದು ಜೋಡಿಸುವುದು ಎಲ್ಲ ಈ ಪ್ರತಿಯ ಮೇಲೆ. ಬಣ್ಣ ತಿದ್ದುವಾಗ, ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಮಾತ್ರ ಮೂಲ ವಿಡಿಯೋ ಬಳಕೆಯಾಗುತ್ತದೆ. ಪ್ರಾಕ್ಸಿ ತಯಾರಾಗಲು ಹೊತ್ತು ಬೇಕು. ರಾತ್ರಿ ಮಲಗುವ ಮುನ್ನ ಹಚ್ಚಿಟ್ಟರೆ ಅದರ ಪಾಡಿಗೆ ಅದು ನಡೆಯುತ್ತಿರುತ್ತದೆ.

ಇದು ಹೊಸ ಉಪಾಯವೇನಲ್ಲ. ಫಿಲಂ ಕಾಲದಲ್ಲೂ ಕ್ಯಾಮೆರಾದಿಂದ ಬಂದ ನೆಗೆಟಿವ್‌ಗೆ ನೇರವಾಗಿ ಕತ್ತರಿ ಹಾಕುತ್ತಿರಲಿಲ್ಲ. ಅದರಿಂದ ವರ್ಕ್ ಪ್ರಿಂಟ್ ಎಂಬ ಪ್ರತಿ ತೆಗೆದು, ಅದನ್ನು ಕತ್ತರಿಸಿ ಜೋಡಿಸಿ, ಎಲ್ಲ ತೀರ್ಮಾನವಾದ ಮೇಲೆ ಅದಕ್ಕೆ ಸರಿಯಾಗಿ ನೆಗೆಟಿವ್ ಜೋಡಿಸುತ್ತಿದ್ದರು. ಪ್ರಾಕ್ಸಿ ಎಂದರೆ ಅದೇ ವರ್ಕ್ ಪ್ರಿಂಟಿನ ಇಂದಿನ ರೂಪ.

ಪ್ರಾಕ್ಸಿ ಹಾಕಿದ ಮೇಲೆ ಹಳೆಯ ಲ್ಯಾಪ್‌ಟಾಪಿನಲ್ಲೇ ಕೆಲಸ ಸಾಗಿದರೆ ಒಂದೂವರೆ ಲಕ್ಷ ಉಳಿಯಿತು. ತಿಂಗಳಿಗೊಂದು ಆಟ, ನಾಲ್ಕಾರು ಮದುವೆ ಮಾಡುವವರಿಗೆ ಇಷ್ಟೇ ಸಾಕಾಗಬಹುದು. ವಾರಕ್ಕೆ ಮೂರು ಕೆಲಸ ಮುಗಿಸಿ ಕೊಡಬೇಕಾದವರಿಗೆ ಪ್ರಾಕ್ಸಿಗಾಗಿ ಕಾಯುವ ಹೊತ್ತೇ ನಷ್ಟ. ಅವರಿಗೆ ಹೊಸ ಲ್ಯಾಪ್‌ಟಾಪಿನ ಖರ್ಚು ಹುಟ್ಟುತ್ತದೆ.

ಕೊಳ್ಳುವುದೇ ಎಂದಾದರೆ ಅಂಗಡಿಗೆ ಬರಿಗೈಯಲ್ಲಿ ಹೋಗಬೇಡಿ. ನಿಮ್ಮದೇ ಕ್ಯಾಮೆರಾದ ನಾಲ್ಕೈದು ವಿಡಿಯೋಗಳನ್ನು ಒಂದು ಯುಎಸ್‌ಬಿ ಎಸ್‌ಎಸ್‌ಡಿಯಲ್ಲಿ ಹಾಕಿಕೊಂಡು ಹೋಗಿ. ಪ್ರದರ್ಶನಕ್ಕಿಟ್ಟ ಲ್ಯಾಪ್‌ಟಾಪಿನಲ್ಲಿ ಎಡಿಟಿಂಗ್ ತಂತ್ರಾಂಶ ಹಾಕಿ ತೋರಿಸಲು ಕೇಳಿ. ಎರಡು ಕ್ಯಾಮೆರಾದ ವಿಡಿಯೋವನ್ನು ಒಟ್ಟಿಗೆ ಓಡಿಸಿ, ಮಧ್ಯೆ ಮಧ್ಯೆ ಹಾರಿ ನೋಡಿ. ಆಮೇಲೆ ಇಪ್ಪತ್ತು ನಿಮಿಷ ಎಕ್ಸ್‌ಪೋರ್ಟ್‌ಗೆ ಹಾಕಿ. ಮೊದಲ ಐದು ನಿಮಿಷದಲ್ಲಿ ಎಷ್ಟು ಮುಂದೆ ಹೋಯಿತು, ಕೊನೆಯ ಐದು ನಿಮಿಷದಲ್ಲಿ ಎಷ್ಟು ಎಂದು ಬರೆದುಕೊಳ್ಳಿ. ಎರಡೂ ಹೆಚ್ಚುಕಡಿಮೆ ಒಂದೇ ಇದ್ದರೆ ಆ ಯಂತ್ರ ಬಿಸಿಯನ್ನು ತಾಳಿಕೊಳ್ಳುತ್ತದೆ ಎಂದರ್ಥ. ಲಕ್ಷಾಂತರ ರೂಪಾಯಿಯ ವ್ಯಾಪಾರಕ್ಕೆ ಅರ್ಧ ಗಂಟೆ ಕೇಳುವುದರಲ್ಲಿ ಸಂಕೋಚ ಬೇಡ.

ಲ್ಯಾಪ್‌ಟಾಪಿಗೇ ಎಲ್ಲ ದುಡ್ಡು ಸುರಿಯಬೇಡಿ

ಕೊನೆಯ ಮಾತು ಲ್ಯಾಪ್‌ಟಾಪಿನ ಹೊರಗಿನದು. ಲ್ಯಾಪ್‌ಟಾಪ್ ಕೆಟ್ಟರೆ ಇನ್ನೊಂದು ಬರುತ್ತದೆ. ಆ ರಾತ್ರಿಯ ಆಟ ಇನ್ನೊಮ್ಮೆ ಬರುವುದಿಲ್ಲ. ಆ ದಿನ ಹಾಡಿದ ಭಾಗವತರು, ಕುಣಿದ ಹಿರಿಯ ಕಲಾವಿದರು, ಎದುರಿಗೆ ಚಾಪೆಯ ಮೇಲೆ ಕುಳಿತಿದ್ದ ಮನೆಯ ಹಿರಿಯರು ಎಲ್ಲರೂ ಸಿಗುವುದು ಆ ಮೂಲ ವಿಡಿಯೋದಲ್ಲಿ ಮಾತ್ರ.

ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿಯವರ ಕತೆಯನ್ನು ಆಧರಿಸಿ, ಇದೇ ತಾಲ್ಲೂಕಿನ ಕೆಸಲೂರಿನವರಾದ ಗಿರೀಶ್ ಕಾಸರವಳ್ಳಿಯವರು 1977ರಲ್ಲಿ 'ಘಟಶ್ರಾದ್ಧ' ಚಿತ್ರವನ್ನು ನಿರ್ದೇಶಿಸಿದರು. 2024ರಲ್ಲಿ ಆ ಚಿತ್ರದ 4ಕೆ ಪುನರುಜ್ಜೀವಿತ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. 1977ರಲ್ಲಿ 4ಕೆ ಎಂಬ ಮಾತೇ ಇರಲಿಲ್ಲ. ಮೂಲ ನೆಗೆಟಿವ್ ಉಳಿದಿದ್ದರಿಂದ ನಲವತ್ತೇಳು ವರ್ಷಗಳ ನಂತರ ಅದು ಸಾಧ್ಯವಾಯಿತು.

ನಮ್ಮ ಹುಡುಗನ ನೆಗೆಟಿವ್ ಎಂದರೆ ಆ 720 ಜಿಬಿ. ಎಡಿಟ್ ಮಾಡಿ ಯೂಟ್ಯೂಬಿಗೆ ಹಾಕಿದ ಮೇಲೆ ಜಾಗ ಇಲ್ಲವೆಂದು ಅದನ್ನು ಅಳಿಸುವವರೇ ಹೆಚ್ಚು. ಯೂಟ್ಯೂಬಿನಲ್ಲಿ ಉಳಿಯುವುದು ಇನ್ನಷ್ಟು ಕುಗ್ಗಿಸಿದ ಪ್ರತಿ. ಮೂಲವನ್ನು ಅಂತರಜಾಲದ ಮೂಲಕ ಬೇರೆಡೆ ಕಳಿಸಿ ಇಡೋಣವೆಂದರೆ ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ 720 ಜಿಬಿ ಹೋಗಲು ಹೆಚ್ಚುಕಡಿಮೆ ಏಳು ದಿನ ಬೇಕು. ಅದರ ಬದಲು 4 ಟಿಬಿಯ ಎರಡು ಸಾಧಾರಣ ಹಾರ್ಡ್‌ಡಿಸ್ಕ್ ಕೊಳ್ಳಿ. ಒಂದೊಂದರಲ್ಲೂ ಇಂಥ ಐದು ಆಟ ಹಿಡಿಸುತ್ತದೆ. ಎರಡರಲ್ಲೂ ಅದೇ ವಿಡಿಯೋಗಳಿರಲಿ, ಒಂದು ನಿಮ್ಮ ಮನೆಯಲ್ಲಿರಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ. ವರ್ಷಕ್ಕೆರಡು ಸಲ ಎರಡನ್ನೂ ಹಚ್ಚಿ, ವಿಡಿಯೋಗಳು ತೆರೆಯುತ್ತವೆಯೇ ಎಂದು ನೋಡಿ.

ಹಾಗಾಗಿ ಒಂದೂವರೆ ಲಕ್ಷ ಕೈಯಲ್ಲಿದ್ದರೆ ಅಷ್ಟನ್ನೂ ಲ್ಯಾಪ್‌ಟಾಪಿಗೆ ಹಾಕಬೇಡಿ. ಈ ಎರಡು ಡಿಸ್ಕುಗಳ ದುಡ್ಡನ್ನು ಮೊದಲೇ ತೆಗೆದಿಟ್ಟು, ಉಳಿದದ್ದರಲ್ಲಿ ಎಂಥ ಲ್ಯಾಪ್‌ಟಾಪ್ ಬರುತ್ತದೆ ಎಂದು ನೋಡಿ. ಪೆಟ್ಟಿಗೆಯ ಮೇಲಿನ ಹೆಸರು ಒಂದು ಮೆಟ್ಟಿಲು ಕೆಳಗಿನದಾದರೂ ಪರವಾಗಿಲ್ಲ.